ಗೃಹವಿಚಾರ: ಮನೆಯ ಒಳಗನ್ನು ಓದುವ ವಿದ್ಯೆ

ದಢೇಸುಗೂರಿನ ಕಡೆಯ ತಾಯಿಯೊಬ್ಬರು ಈ ಪುಟದಲ್ಲಿ ವಿಚಾರಿಸಬೇಕೆಂದು ಒಂದು ಪ್ರಶ್ನೆಯನ್ನು ಕಳುಹಿಸಿರುವರು. ಅವರ ಮಗಳು ಪಿಯುಸಿ ಮುಗಿಸಿ, ವಿಶ್ವವಿದ್ಯಾನಿಲಯದಲ್ಲಿ ಒಳಾಂಗಣ ವಿನ್ಯಾಸವನ್ನು ಓದುವೆನೆಂದು ಹಟ ಹಿಡಿದಿರುವಳಂತೆ. ಮನೆಯ ಹಿರಿಯರಾದರೋ, "ಗೋಡೆಗೆ ಬಣ್ಣ ಬಳಿಸುವುದಕ್ಕೂ ಬಾಗಿಲಿಗೆ ಪರದೆ ಕಟ್ಟುವುದಕ್ಕೂ ನಾಲ್ಕು ವರುಷದ ಓದು ಬೇಕೇ? ಭತ್ತ ಮಾರಿದ ಹಣವನ್ನು ಇದಕ್ಕೆ ಸುರಿಯಬಹುದೇ?" ಎನ್ನುತ್ತಿರುವರಂತೆ. ಪ್ರಶ್ನೆಯು ಒಂದು ಮನೆಯದಾದರೂ ಹಲವು ಮನೆಗಳಲ್ಲಿ ಏಳತಕ್ಕದ್ದಾದುದರಿಂದ, ಈ ತಿಂಗಳು ಇದನ್ನೇ ವಿಚಾರಿಸೋಣ.

ಈ ವಿದ್ಯೆಯು ಬಣ್ಣ ಮತ್ತು ಪರದೆಗಳಷ್ಟೇ ಆಗಿದ್ದಲ್ಲಿ ಹಿರಿಯರ ಮಾತು ಸರಿಯೇ ಸರಿ. ಆದರೆ ಅಲಂಕಾರವು ಇದರ ಕೊನೆಯ ಅಧ್ಯಾಯವೇ ಹೊರತು ಮೊದಲನೆಯದಲ್ಲ. ಮನೆಯೊಳಗೆ ಮನುಷ್ಯರು ಹೇಗೆ ನಡೆಯುವರು, ಎಲ್ಲಿ ಕೂರುವರು, ಎಷ್ಟು ಸಲ ಬಾಗುವರು, ಬೆಳಕು ಯಾವ ಕಡೆಯಿಂದ ಬರುವುದು, ಹೊಗೆ ಯಾವ ಕಡೆಗೆ ಹೋಗುವುದು ಎಂಬುದನ್ನು ಅಳೆದು ನೋಡಿ, ಆ ಅಳತೆಗೆ ತಕ್ಕಂತೆ ಕೋಣೆಯನ್ನೂ ಸಾಮಾನನ್ನೂ ಅಳವಡಿಸುವುದೇ ಇದರ ತಿರುಳು.

ಇದಕ್ಕೊಂದು ಪ್ರಸಿದ್ಧವಾದ ನಿದರ್ಶನವುಂಟು. ಜರ್ಮನಿಯ ಫ್ರಾಂಕ್‌ಫರ್ಟ್ ನಗರದಲ್ಲಿ ಹೊಸ ಬಡಾವಣೆಗಳನ್ನು ಕಟ್ಟುತ್ತಿದ್ದಾಗ, ಮಾರ್ಗರೆಟ್ ಷ್ಯೂಟೆ-ಲಿಹೋಟ್ಸ್ಕಿ ಎಂಬ ಆಸ್ಟ್ರಿಯದ ಮಹಿಳೆಯು 1926ರಲ್ಲಿ ಆ ಮನೆಗಳಿಗಾಗಿ ಒಂದು ಅಡುಗೆಮನೆಯನ್ನು ರೂಪಿಸಿದಳು. ಸುಮಾರು 6 ಅಡಿ ಅಗಲ, 11 ಅಡಿ ಉದ್ದದ ಆ ಕಿರುಕೋಣೆಯಲ್ಲಿ, ಕೆಲಸ ಮಾಡುವವಳ ಕೈಗೆ ಎಲ್ಲವೂ ಎಟಕುವಂತೆ ಒಲೆ, ತೊಟ್ಟಿ, ಕಪಾಟುಗಳನ್ನು ಜೋಡಿಸಿದ್ದಳು. ಸುಮಾರು 10,000 ಮನೆಗಳಲ್ಲಿ ಆ ಮಾದರಿಯು ನೆಲೆಗೊಂಡಿತು. ಇದರಲ್ಲಿ ಸೋಜಿಗವೇನೆಂದರೆ, ಆ ಕಾಲಕ್ಕೆ ತನಗೆ ಅಡುಗೆಯ ಅನುಭವವೇ ಇರಲಿಲ್ಲವೆಂದು ಆಕೆಯೇ ಮುಂದೆ ಹೇಳಿಕೊಂಡಿರುವಳು. ಯಾವ ಕೆಲಸಕ್ಕೆ ಎಷ್ಟು ಹೊತ್ತು, ಎಷ್ಟು ಹೆಜ್ಜೆ ಎಂಬುದನ್ನು ಲೆಕ್ಕವಿಟ್ಟು ಅರಿತ ವಿದ್ಯೆ ಅದು. ಆದರೆ ಅದೇ ಅಡುಗೆಮನೆಯ ಮೇಲೆ ತರುವಾಯ ಆಕ್ಷೇಪವೂ ಬಂದಿತು: ಒಬ್ಬಳೇ ನಿಲ್ಲಬಹುದಾದ ಆ ಕೋಣೆಯು ತಾಯಿಯನ್ನು ಮನೆಮಂದಿಯಿಂದ ಬೇರ್ಪಡಿಸಿತೆಂದು.

ಈ ಎರಡನೆಯ ಮಾತನ್ನು ನಮ್ಮ ಸೋದರಿಯರು ಮರೆಯಬಾರದು. ಅಳತೆಯು ಒಳ್ಳೆಯದೇ, ಆದರೆ ಯಾರ ಬದುಕಿನ ಅಳತೆ ಎಂಬುದೂ ಅಷ್ಟೇ ಮುಖ್ಯ. ನಮ್ಮ ಸಿಂಧನೂರು ಸೀಮೆಯಲ್ಲಿ ಈಚೆಗೆ ಕಟ್ಟುವ ಮನೆಗಳಲ್ಲೆಲ್ಲ ಸೊಂಟದ ಎತ್ತರದ ಕಲ್ಲಿನ ಕಟ್ಟೆಯನ್ನು ಹಾಕಿಸುವುದು ರೂಢಿಯಾಗಿದೆ. ಅನ್ನ ಸಾರುಗಳಿಗೆ ಅದು ಅನುಕೂಲವೇ ಸರಿ. ಆದರೆ ಕೆಳಗೆ ಕುಳಿತು, ಮೈಭಾರವನ್ನು ಕೈಗೆ ತಂದು ಜೋಳದ ರೊಟ್ಟಿಯನ್ನು ಬಡಿಯುವ ಹೆಂಗಸಿಗೆ ಆ ಎತ್ತರವು ತೊಡಕಾಗುವುದು. ಆದುದರಿಂದಲೇ ಎಷ್ಟೋ ಮನೆಗಳಲ್ಲಿ ಚೆಂದದ ಅಡುಗೆಮನೆಯು ಒಳಗಿರಲು, ರೊಟ್ಟಿಯ ಹಂಚು ಮಾತ್ರ ಹಿತ್ತಲಿಗೆ ಹೋಗಿ ಕುಳಿತಿರುವುದು. ಮನೆಗೆ ಲಕ್ಷಗಟ್ಟಲೆ ಸುರಿದರೂ ದಿನನಿತ್ಯದ ದೊಡ್ಡ ಕೆಲಸಕ್ಕೆ ಒಳಗೆ ಎಡೆಯಿಲ್ಲದಾಯಿತು. ಈ ಕೊರತೆಯು ಪುಸ್ತಕದಿಂದ ಮಾತ್ರ ಕಲಿತವರಿಗೆ ಕಾಣಿಸದು. ರೊಟ್ಟಿಯ ಸದ್ದಿನಲ್ಲಿ ಬೆಳೆದವಳಿಗೆ ಕಾಣಿಸುವುದು.

ಇಡೀ ಮನೆಯ ಮಾತೂ ಹೀಗೆಯೇ. ನಮ್ಮ ಹಿಂದಿನವರ ಮೇಲ್ಮುದ್ದೆಯ ಮಾಳಿಗೆಮನೆಯಲ್ಲಿ ದಪ್ಪ ಗೋಡೆ, ತೊಲೆ ಜಂತೆಗಳ ಮೇಲೆ ಮಣ್ಣಿನ ಹೊದಿಕೆ, ನೆತ್ತಿಯಲ್ಲೊಂದು ಬೆಳಕಿಂಡಿ ಇರುತ್ತಿದ್ದವು. ಬೇಸಗೆಯಲ್ಲಿ 40 ಡಿಗ್ರಿ ಸೆಲ್ಸಿಯಸ್ಸನ್ನು ಮೀರುವ ಬಿಸಿಲು ಒಳಗೆ ಇಳಿಯುವಷ್ಟರಲ್ಲಿ ಹೊತ್ತು ಮುಳುಗುತ್ತಿತ್ತು. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಪೂರ್ಣವಾಗಿ, ಎಡದಂಡೆ ಕಾಲುವೆಯ ನೀರು ಹರಿದು, ಜೋಳ ಹತ್ತಿಗಳ ನೆಲದಲ್ಲಿ ಭತ್ತ ಬಂದಿತು. ಭತ್ತದೊಡನೆ ಹಣವೂ, ಹಣದೊಡನೆ ಕಾಂಕ್ರೀಟಿನ ಮನೆಗಳೂ ಬಂದವು. ಕಾಂಕ್ರೀಟಿನ ತೆಳುಚಾವಣಿಯಾದರೋ ಹಗಲೆಲ್ಲ ಕಾದು ರಾತ್ರಿಯೆಲ್ಲ ಆ ಕಾವನ್ನು ಒಳಗಿಳಿಸುವುದು. ಎರೆಯ ನೆಲವು ನೀರುಂಡು ಉಬ್ಬಿ, ಒಣಗಿ ಬಿರಿಯುವುದರಿಂದ ತಳಪಾಯ ಸಾಲದ ಗೋಡೆಗಳು ಸೀಳುವುವು. ಹಳೆಯ ಮನೆಯಲ್ಲಿಯೂ ಕತ್ತಲೆ, ಹೊಗೆ, ಸೋರಿಕೆಗಳ ಕಷ್ಟವಿದ್ದೇ ಇತ್ತು. ಅದಕ್ಕೆ ಹಿಂದಿರುಗಬೇಕೆಂದು ನಾವು ಹೇಳುತ್ತಿಲ್ಲ. ಹಳೆಯದರ ತಂಪನ್ನೂ ಹೊಸದರ ಬೆಳಕನ್ನೂ ಒಂದೇ ಸೂರಿನಡಿ ಕೂಡಿಸಬಲ್ಲವರು ಬೇಕಾಗಿರುವರು. ಅಂಥವರು ಈ ನೆಲದಿಂದಲೇ ಏಳುವುದು ಮೇಲು.

ಇನ್ನು ಓದುವ ಸ್ಥಳದ ವಿಚಾರ. ಇಲ್ಲಿ ತಂದೆತಾಯಿಗಳು ಎಚ್ಚರ ವಹಿಸತಕ್ಕದ್ದು. 1972ರ ವಾಸ್ತುಶಿಲ್ಪಿಗಳ ಕಾಯಿದೆಯ ಮೇರೆಗೆ, ನೋಂದಣಿಯಿಲ್ಲದವರು ತಮ್ಮನ್ನು 'ಆರ್ಕಿಟೆಕ್ಟ್' ಎಂದು ಕರೆದುಕೊಳ್ಳುವಂತಿಲ್ಲ; ಅದಕ್ಕೆ ಐದು ವರುಷದ ಪದವಿ ಬೇಕು. ಒಳಾಂಗಣ ವಿನ್ಯಾಸಕಾರರಿಗಾದರೋ ಅಂಥ ಕಟ್ಟಳೆಯಿಲ್ಲ. ಆರು ತಿಂಗಳು ಕಲಿತವರೂ ನಾಲ್ಕು ವರುಷ ಓದಿದವರೂ ಒಂದೇ ಬಗೆಯ ಫಲಕವನ್ನು ತೂಗುಹಾಕಬಹುದು. ಆದುದರಿಂದ ಕಾಲೇಜಿನ ಹೆಸರಿಗೂ ಜಾಹೀರಾತಿಗೂ ಮರುಳಾಗದೆ, ಅಲ್ಲಿ ಏನನ್ನು ಕಲಿಸುವರೆಂಬುದನ್ನು ಕೇಳಬೇಕು. ಪದವಿಯನ್ನು ಕೊಡುವ ವಿಶ್ವವಿದ್ಯಾನಿಲಯ ಯಾವುದು? ಕೈಯಿಂದ ನಕ್ಷೆ ಬರೆಯುವುದನ್ನು ಕಲಿಸುವರೇ, ಗಣಕಯಂತ್ರದಲ್ಲಿ ಮಾತ್ರವೇ? ಮರ, ಕಲ್ಲು, ಬಟ್ಟೆಗಳನ್ನು ಮುಟ್ಟಿ ಕೆಲಸಮಾಡುವ ಕಾರ್ಯಾಗಾರವುಂಟೇ? ಬೆಳಕು ಗಾಳಿಗಳ ಶಾಸ್ತ್ರವೂ ಖರ್ಚಿನ ಅಂದಾಜೂ ಪಾಠದಲ್ಲಿರುವುವೇ? ಶುಲ್ಕದ ಹೊರತಾಗಿ ಸಾಮಗ್ರಿ, ಗಣಕಯಂತ್ರ, ವಸತಿಗಳ ವೆಚ್ಚವೆಷ್ಟು? ಹಣ ಕಟ್ಟುವ ಮೊದಲೇ ಇವಕ್ಕೆ ಉತ್ತರ ಸಿಕ್ಕಿರಬೇಕು.

ದಢೇಸುಗೂರಿನವರಿಗೆ ಸಮೀಪವಾದ ದಾರಿಯೊಂದು ಇದೆ. ಅವರ ಊರಿನ ಕೃಷಿ ಸಂಶೋಧನಾ ಕೇಂದ್ರವು ರಾಯಚೂರು ಕೃಷಿ ವಿಜ್ಞಾನಗಳ ವಿಶ್ವವಿದ್ಯಾನಿಲಯಕ್ಕೆ ಸೇರಿದುದು. ಆ ವಿಶ್ವವಿದ್ಯಾನಿಲಯವು ಧಾರವಾಡದ ಕೃಷಿ ವಿಶ್ವವಿದ್ಯಾನಿಲಯದಿಂದ ಕವಲೊಡೆದುದು. ಕೃಷಿ ವಿಶ್ವವಿದ್ಯಾನಿಲಯವೆಂದರೆ ಭತ್ತದ ತಳಿ ಮಾತ್ರವೆಂದು ನಮ್ಮವರು ತಿಳಿದಿರುವರು. ಮನೆಯನ್ನೂ ಅದು ಪಾಠದ ವಿಷಯವನ್ನಾಗಿ ಮಾಡಿಕೊಂಡಿದೆ. ಧಾರವಾಡದಲ್ಲಿ 1974ರಲ್ಲಿ ಆರಂಭವಾದ ಗ್ರಾಮೀಣ ಗೃಹವಿಜ್ಞಾನ ಕಾಲೇಜು ಈಗ ಸಮುದಾಯ ವಿಜ್ಞಾನದ ಕಾಲೇಜೆಂಬ ಹೆಸರಿನಿಂದ ನಡೆಯುತ್ತಿದ್ದು, ನಾಲ್ಕು ವರುಷದ ಅದರ ಪದವಿಯಲ್ಲಿ ಆಹಾರ, ಜವಳಿ, ಮಕ್ಕಳ ಬೆಳವಣಿಗೆಗಳೊಡನೆ ಮನೆಯ ಸಂಪನ್ಮೂಲ ಹಾಗೂ ಒಳಾಂಗಣದ ವಿಷಯವೂ ಸೇರಿರುವುದು. ಬರಿಯ ವಿನ್ಯಾಸವನ್ನೇ ಬಯಸುವವರಿಗೆ ಇದು ಸಾಲದೆನಿಸಬಹುದು; ಮನೆಯನ್ನು ಸಮಗ್ರವಾಗಿ ತಿಳಿಯಬಯಸುವವರಿಗೆ ಒಪ್ಪುವುದು. ಒಕ್ಕಲುತನದ ಮನೆಯ ಮಕ್ಕಳಿಗೆ ಕೃಷಿ ವಿಶ್ವವಿದ್ಯಾನಿಲಯಗಳಲ್ಲಿ ಕಾದಿರಿಸಿದ ಸ್ಥಾನಗಳುಂಟು. ಅಲ್ಲದೆ 2012ರ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ 371 ಜೆ ವಿಧಿಯ ಫಲವಾಗಿ, ರಾಯಚೂರು ಮೊದಲಾದ ಜಿಲ್ಲೆಗಳವರಿಗೆ ಈ ಪ್ರಾಂತದ ವಿದ್ಯಾಸಂಸ್ಥೆಗಳಲ್ಲಿ ನೂರಕ್ಕೆ 70, ರಾಜ್ಯದ ಉಳಿದೆಡೆ ನೂರಕ್ಕೆ 8 ಸ್ಥಾನಗಳು ಮೀಸಲಾಗಿವೆ. ಪ್ರಮಾಣಪತ್ರವನ್ನು ಮುಂಚಿತವಾಗಿಯೇ ಮಾಡಿಸಿಟ್ಟುಕೊಳ್ಳುವುದು ಲೇಸು.

ಸಂಪಾದನೆಯ ವಿಷಯದಲ್ಲಿಯೂ ಮರೆಮಾಚದೆ ಹೇಳಬೇಕು. ಮೊದಲ ಕೆಲವು ವರುಷ ಬೇರೊಬ್ಬರ ಕೈಕೆಳಗೆ ಕಡಮೆ ಸಂಬಳಕ್ಕೆ ದುಡಿಯಬೇಕಾದೀತು. ಕೆಲಸವು ಬೆಂಗಳೂರು ಹುಬ್ಬಳ್ಳಿಗಳಂಥ ನಗರಗಳಲ್ಲಿಯೇ ಹೆಚ್ಚು. ಬಡಗಿ, ಗೌಂಡಿ, ಬಣ್ಣದವರೊಡನೆ ನಿಂತು ಮಾತನಾಡುವ ಧೈರ್ಯ ಬೇಕು. ಇವಕ್ಕೆ ಹೆದರದ ಹುಡುಗಿಯನ್ನು ಕಳುಹಿಸಬಹುದು. ಚಿತ್ರಪಟದಲ್ಲಿ ಕಂಡ ಚೆಂದದ ಕೋಣೆಗೆ ಮಾತ್ರ ಮನಸೋತವಳಾದರೆ, ಸ್ವಲ್ಪ ತಡೆದು ನೋಡುವುದು ಮೇಲು.

ಇವೆರಡರಲ್ಲಿ ಯಾವುದೆಂದು ಅರಿಯಲು ಖರ್ಚಿಲ್ಲದ ಪರೀಕ್ಷೆಯೊಂದುಂಟು. ಮಗಳ ಕೈಗೆ ಒಂದು ಅಳತೆಪಟ್ಟಿಯನ್ನೂ ಒಂದು ನೋಟುಬುಕ್ಕನ್ನೂ ಕೊಟ್ಟು, ಒಂದು ವಾರ ತನ್ನ ಮನೆಯನ್ನೇ ಅಳೆಯುವಂತೆ ಹೇಳಿರಿ. ತಾಯಿಯು ದಿನಕ್ಕೆ ಎಷ್ಟು ಸಲ ನೀರಿಗೆ ನಡೆದಳು, ಅಜ್ಜಿಗೆ ಬಚ್ಚಲಿನ ಹೊಸ್ತಿಲು ಎಷ್ಟು ಎತ್ತರವಾಯಿತು, ಮಧ್ಯಾಹ್ನ ಯಾವ ಕೋಣೆ ತಂಪು, ಯಾವುದು ಕೆಂಡ ಎಂಬುದನ್ನು ಬರೆಯಲಿ. ಒಂದನ್ನಾದರೂ ಸರಿಪಡಿಸುವ ಉಪಾಯವನ್ನು ನಕ್ಷೆಯಲ್ಲಿ ತೋರಿಸಲಿ. ಎರಡನೆಯ ದಿನವೇ ಬೇಸತ್ತರೆ ಬೇರೆ ಓದನ್ನು ಹುಡುಕಿರಿ. ಏಳನೆಯ ದಿನವೂ ಅಳೆಯುತ್ತಲೇ ಇದ್ದರೆ, ಆ ಹುಡುಗಿಯ ಓದಿಗೆ ಹಣ ಹೊಂದಿಸುವುದು ದುಂದಾಗಲಾರದು.