ಅಚ್ಚಿಗೆ ಹೊರಟ ಅಕ್ಷರ

ಮದುವೆ ನಿಶ್ಚಯವಾದ ಮನೆಯಲ್ಲಿ ಛತ್ರ, ಪುರೋಹಿತರು, ಅಡಿಗೆಯವರು ಎಂದು ಹತ್ತು ಚಿಂತೆಗಳಿರುತ್ತವೆ; ಲಗ್ನಪತ್ರಿಕೆಯ ಅಕ್ಷರಗಳ ಚಿಂತೆ ಮಾತ್ರ ಯಾರಿಗೂ ಇರುವುದಿಲ್ಲ. ಮಗನೋ ಮಗಳೋ ಕಂಪ್ಯೂಟರಿನಲ್ಲಿ ಅಂದವಾಗಿ ಜೋಡಿಸಿ ಕಡತವನ್ನು ಮುದ್ರಣಾಲಯಕ್ಕೆ ಕಳುಹಿಸಿದರೆ ಆ ಕೆಲಸ ಮುಗಿಯಿತೆಂದೇ ಎಲ್ಲರ ಭಾವನೆ. ಅಲ್ಲಿ ಕಡತವನ್ನು ತೆರೆದಾಗ ಅಜ್ಜನ ಹೆಸರಿದ್ದ ಕಡೆ ನಾಲ್ಕು ರೋಮನ್ ಅಕ್ಷರಗಳು, ಅವುಗಳ ನೆತ್ತಿಯ ಮೇಲೆ ಗೆರೆ, ಚುಕ್ಕೆ! ಮನೆಯಲ್ಲಿ ಸರಿಯಾಗಿದ್ದ ಹೆಸರು ದಾರಿಯಲ್ಲಿ ಕೆಟ್ಟುದು ಹೇಗೆ?

ಈ ತೊಡಕು ಎಲ್ಲ ಊರುಗಳಲ್ಲಿಯೂ ಉಂಟು. ಕೋಲಾರದ ಚಿನ್ನದ ಗಣಿಯ ಊರಿನಲ್ಲಿ ಅದು ಮೂರು ಪಾಲು. ಗಣಿಯ ಕೆಲಸಕ್ಕೆಂದು ಬಂದು ತಲೆಮಾರುಗಳಿಂದ ನೆಲೆಸಿರುವ ತಮಿಳು, ತೆಲುಗು ಕುಟುಂಬಗಳು ಅಲ್ಲಿ ಕನ್ನಡಿಗರೊಡನೆ ಬಾಳುತ್ತಿವೆ. ಒಂದೇ ಪತ್ರಿಕೆಯಲ್ಲಿ ಎರಡು ಮೂರು ಲಿಪಿಗಳು ಬೇಕಾಗುವುದು ಅಲ್ಲಿ ಸಹಜವೇ. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದ ಮೇಲೆ ಎಷ್ಟೋ ಮನೆಗಳ ದುಡಿಯುವ ಮಕ್ಕಳು ಮಾರಿಕುಪ್ಪಂ, ಬಂಗಾರಪೇಟೆಗಳ ಮಾರ್ಗವಾಗಿ ಪ್ರತಿದಿನ ರೈಲಿನಲ್ಲಿ ಬೆಂಗಳೂರಿಗೆ ಹೋಗಿಬರುತ್ತಾರೆ. ಬೆಂಗಳೂರಿನ ಕಂಪ್ಯೂಟರಿನಲ್ಲಿ ಹುಟ್ಟಿದ ಕಡತ ರಾಬರ್ಟ್‌ಸನ್ ಪೇಟೆಯಲ್ಲಿಯೋ ಬಂಗಾರಪೇಟೆಯಲ್ಲಿಯೋ ಅಚ್ಚಾಗಬಹುದು. ಯಂತ್ರ ಬದಲಾಯಿತೆಂದರೆ ತೊಡಕಿಗೆ ಬಾಗಿಲು ತೆರೆಯಿತು.

ಸೀಸದ ಮೊಳೆಗಳ ಕಾಲದಲ್ಲಿ ಅಕ್ಷರವೆಂಬುದು ಕೈಗೆ ಸಿಕ್ಕುವ ವಸ್ತುವಾಗಿತ್ತು. ಪೆಟ್ಟಿಗೆಯಲ್ಲಿ ಒಂದು ಒತ್ತಕ್ಷರ ಮುಗಿದುಹೋದರೆ ಮೊಳೆ ಜೋಡಿಸುವವನಿಗೆ ಕೂಡಲೆ ತಿಳಿಯುತ್ತಿತ್ತು. ಕಂಪ್ಯೂಟರಿನಲ್ಲಿ ಹಾಗಲ್ಲ. ಅದು ಉಳಿಸಿಡುವುದು ಅಕ್ಷರವನ್ನಲ್ಲ, ಒಂದು ಸಂಖ್ಯೆಯನ್ನು. ಆ ಸಂಖ್ಯೆಗೆ ಯಾವ ರೂಪ ತೊಡಿಸಬೇಕೆಂಬುದನ್ನು ಹೇಳುವುದು ಫಾಂಟು. ಬೇಕಾದ ಫಾಂಟು ಇಲ್ಲದಿದ್ದರೆ ಯಂತ್ರವು ಹಲವು ವೇಳೆ ಯಾರನ್ನೂ ಕೇಳದೆ ಬೇರೊಂದನ್ನು ತೊಡಿಸಿಬಿಡುತ್ತದೆ. ಅಪಾಯವಿರುವುದು ಈ ಮೌನದಲ್ಲಿಯೇ.

ನುಡಿಯಂಥ ತಂತ್ರಾಂಶಗಳ ಹಳೆಯ ಫಾಂಟುಗಳನ್ನು ತೆಗೆದುಕೊಳ್ಳಿ. ಅವುಗಳಿಗೆ ದೊರೆತದ್ದು 256 ಸ್ಥಾನಗಳು ಮಾತ್ರ, ಅವೂ ರೋಮನ್ ಲಿಪಿಗೆಂದು ಏರ್ಪಟ್ಟವು. ಕನ್ನಡದ ತಲೆಕಟ್ಟು, ಕೊಂಬು, ಒತ್ತುಗಳನ್ನು ತುಂಡು ತುಂಡಾಗಿ ಬಿಡಿಸಿ ಆ ಸ್ಥಾನಗಳಲ್ಲಿ ಕೂರಿಸಬೇಕಾಯಿತು. ನುಡಿಯ ಹಳೆಯ ಫಾಂಟಿನಲ್ಲಿ ‘ಚಿ’ ಕುಳಿತಿರುವುದು ಇಂಗ್ಲಿಷಿನ ಸಣ್ಣ ‘ಎ’ ಅಕ್ಷರದ ಸ್ಥಾನದಲ್ಲಿ. ‘ನ’ಕಾರದ ಒಡಲು ಇರುವುದು ಪೌಂಡ್ ನಾಣ್ಯದ ಗುರುತಿನ ಸ್ಥಾನದಲ್ಲಿ. ಆ ಫಾಂಟು ಇಲ್ಲದ ಯಂತ್ರದಲ್ಲಿ ‘ಚಿನ್ನ’ವೆಂಬ ಮಾತನ್ನು ತೆರೆದರೆ ಪೌಂಡಿನ ಗುರುತು ಕಾಣಿಸಿಕೊಳ್ಳುತ್ತದೆ. ಜಾನ್ ಟೇಲರ್ ಕಂಪನಿಯ ಕಾಲದಲ್ಲಿ ಕೋಲಾರದ ಚಿನ್ನ ಪೌಂಡಾದದ್ದುಂಟು. ಲಗ್ನಪತ್ರಿಕೆಯಲ್ಲಿ ಹಾಗಾಗುವುದು ಯಾರಿಗೂ ಬೇಡ. ಹಳೆಯ ತಮಿಳು, ತೆಲುಗು ಫಾಂಟುಗಳು ನೆಚ್ಚಿಕೊಂಡಿದ್ದುದೂ ಇಂಥವೇ 256 ಸ್ಥಾನಗಳನ್ನು. ತಮಿಳಿನ ಸಾಲಿಗೆ ತಪ್ಪಿ ಕನ್ನಡದ ಫಾಂಟು ತಗುಲಿತೆಂದರೆ ಕನ್ನಡದ ಅಕ್ಷರಗಳೇ ಕಾಣುತ್ತವೆ, ಅರ್ಥ ಮಾತ್ರ ಇರುವುದಿಲ್ಲ.

ಯೂನಿಕೋಡ್ ಈ ಗೊಂದಲವನ್ನು ಬಹುಮಟ್ಟಿಗೆ ಬಗೆಹರಿಸಿದೆ. ಅದರಲ್ಲಿ ಕನ್ನಡದ ‘ನ’ಕಾರದ ಸಂಖ್ಯೆ 3240, ತೆಲುಗಿನದು 3112, ತಮಿಳಿನದು 2984. ಮೂವರಿಗೂ ಪ್ರತ್ಯೇಕ ಮನೆಗಳು. ಒಬ್ಬರು ಇನ್ನೊಬ್ಬರ ಮನೆಗೆ ನುಗ್ಗುವಂತಿಲ್ಲ. ಮೊಬೈಲಿನಲ್ಲಿ ನಾವು ಬರೆಯುವುದೆಲ್ಲ ಸಾಮಾನ್ಯವಾಗಿ ಯೂನಿಕೋಡೇ. ಆದರೆ ಸಂಖ್ಯೆ ಸರಿಯಿದ್ದರೆ ಸಾಲದು, ಒತ್ತನ್ನೂ ಸ್ವರಚಿಹ್ನೆಯನ್ನೂ ಕೂಡಿಸುವ ಜಾಣತನವೂ ಪುಟ ಕಟ್ಟುವ ತಂತ್ರಾಂಶಕ್ಕೆ ಇರಬೇಕು. ಹಳೆಯ ಪೇಜ್‌ಮೇಕರಿಗೆ ಅದು ಇಲ್ಲ. ಇನ್‌ಡಿಸೈನಿಗೆ ಇದೆ, ಆದರೆ ‘ವರ್ಲ್ಡ್-ರೆಡಿ ಕಂಪೋಸರ್’ ಎಂಬುದನ್ನು ಆರಿಸದಿದ್ದರೆ ಒತ್ತಕ್ಷರಗಳು ಒಡೆದು ಬಿಡಿಬಿಡಿಯಾಗಿ ನಿಲ್ಲಬಹುದು. ಹಳೆಯ ಫಾಂಟಿನ ಬರೆಹವನ್ನು ಯೂನಿಕೋಡಿಗೆ ಮಾರ್ಪಡಿಸುವಾಗಲೂ ಎಚ್ಚರ ಬೇಕು. ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಜಿಗಿಯುವುದುಂಟು.

ಹಾಗಾದರೆ ಗೃಹಸ್ಥರು ಮಾಡಬೇಕಾದುದೇನು? ಮೊದಲನೆಯದಾಗಿ, ಜೋಡಿಸುವುದಕ್ಕೆ ಮುಂಚೆಯೇ ಮುದ್ರಣಾಲಯದಲ್ಲಿ ಯಾವ ತಂತ್ರಾಂಶವಿದೆ, ಕಡತ ಯಾವ ರೂಪದಲ್ಲಿ ಬೇಕು ಎಂದು ವಿಚಾರಿಸಬೇಕು. ಎರಡನೆಯದಾಗಿ, ಬರೆದ ಕಡತವನ್ನು ಹಾಗೆಯೇ ಕಳುಹಿಸದೆ ಪಿಡಿಎಫ್ ಮಾಡಿ ಕಳುಹಿಸುವುದು ಲೇಸು. ಪಿಡಿಎಫ್ ಫಾಂಟನ್ನು ತನ್ನ ಮಡಿಲಲ್ಲಿಯೇ ಇಟ್ಟುಕೊಂಡು ಹೋಗಬಲ್ಲದು. ಅಡೋಬಿ ರೀಡರಿನಲ್ಲಿ ಪಿಡಿಎಫ್ ತೆರೆದು ‘ಪ್ರಾಪರ್ಟೀಸ್’ ಒಳಗಿನ ‘ಫಾಂಟ್ಸ್’ ಪಟ್ಟಿಯನ್ನು ನೋಡಿದರೆ ಪ್ರತಿಯೊಂದು ಹೆಸರಿನ ಮುಂದೆಯೂ ‘ಎಂಬೆಡೆಡ್’ ಅಥವಾ ‘ಎಂಬೆಡೆಡ್ ಸಬ್‌ಸೆಟ್’ ಎಂದಿರಬೇಕು. ಯಾವುದಾದರೂ ಒಂದರ ಮುಂದೆ ಇಲ್ಲವೆಂದರೆ ಆ ಫಾಂಟು ಮನೆಯಲ್ಲಿಯೇ ಉಳಿದಿದೆ ಎಂದರ್ಥ. ಕೆಲವು ಫಾಂಟುಗಳನ್ನು ಹೀಗೆ ಜೊತೆಗೆ ಕಳುಹಿಸಲು ಅವುಗಳ ಒಡೆಯರ ಅನುಮತಿ ಇರುವುದಿಲ್ಲ. ನೋಟೋ ಕುಟುಂಬದಂಥ ಮುಕ್ತ ಫಾಂಟುಗಳಿಗೆ ಆ ತಡೆಯಿಲ್ಲ, ಕನ್ನಡ, ತಮಿಳು, ತೆಲುಗು ಮೂರೂ ಅದರಲ್ಲಿವೆ. ಮೂರನೆಯದಾಗಿ, ಕಡತವನ್ನು ಆ ಫಾಂಟು ಇಲ್ಲದ ಬೇರೊಂದು ಯಂತ್ರದಲ್ಲಿ ತೆರೆದು ನೋಡಬೇಕು. ಸ್ವಂತ ಕಂಪ್ಯೂಟರು ತನ್ನ ತಪ್ಪನ್ನು ತಾನೇ ಮುಚ್ಚಿಕೊಳ್ಳುತ್ತದೆ. ವಾಟ್ಸಾಪಿನಲ್ಲಿ ಕಳುಹಿಸುವುದಾದರೆ ಚಿತ್ರವಾಗಿ ಕಳುಹಿಸದೆ ‘ಡಾಕ್ಯುಮೆಂಟ್’ ಆಗಿ ಕಳುಹಿಸಬೇಕು. ಚಿತ್ರವಾದರೆ ಅಂಚು ಮಸುಕಾದೀತು.

ಏನು ಮಾಡಿದರೂ ಸರಿಹೋಗದಿದ್ದರೆ ಮುದ್ರಣಾಲಯದವರು ಅಕ್ಷರಗಳನ್ನು ‘ಕರ್ವ್ಸ್’ ಮಾಡಿ ಕೊಡಿ ಎನ್ನುತ್ತಾರೆ. ಆಗ ಅಕ್ಷರ ಬರಿಯ ಗೆರೆಯ ಚಿತ್ರವಾಗುತ್ತದೆ, ಫಾಂಟಿನ ಹಂಗು ತಪ್ಪುತ್ತದೆ. ಆದರೆ ಚಿತ್ರದಲ್ಲಿ ಒಂದು ದೀರ್ಘವನ್ನು ಬೆರಳಚ್ಚಿಸಿ ತಿದ್ದುವಂತಿಲ್ಲ. ಆದುದರಿಂದ ಮೂಲದ ಪ್ರತಿಯನ್ನು ಬೇರೆಯಾಗಿ ಕಾಪಾಡಿಕೊಂಡಿರಬೇಕು.

ಇಷ್ಟೆಲ್ಲ ಆದ ಮೇಲೂ ಒಂದು ಕೆಲಸ ಉಳಿಯುತ್ತದೆ. ಕರಡಚ್ಚನ್ನು ಕಾಗದದ ಮೇಲೆ ತರಿಸಿ, ಕನ್ನಡವನ್ನು ಕನ್ನಡ ಬಲ್ಲವರಿಂದಲೂ ತಮಿಳನ್ನು ತಮಿಳು ಬಲ್ಲವರಿಂದಲೂ ಗಟ್ಟಿಯಾಗಿ ಓದಿಸಬೇಕು. ದಿನ, ಮುಹೂರ್ತ, ಛತ್ರದ ವಿಳಾಸಗಳನ್ನು ಒಬ್ಬರು ಓದಿ ಇನ್ನೊಬ್ಬರು ಮೂಲದೊಡನೆ ತಾಳೆ ನೋಡಬೇಕು. ಅಜ್ಜಿಯೊಬ್ಬರು ಕನ್ನಡಕ ಹಾಕಿಕೊಂಡು ತಮ್ಮ ಯಜಮಾನರ ಹೆಸರನ್ನು ಒಂದು ಸಲ ಓದಿದರೆ ಅದು ಎಷ್ಟೋ ಪರೀಕ್ಷೆಗಳಿಗೆ ಸಮ. ಸಾವಿರ ಪತ್ರಿಕೆಗಳು ಅಂಚೆಗೆ ಬಿದ್ದ ಮೇಲೆ ಹಿಂದಕ್ಕೆ ಕರೆಯುವ ಉಪಾಯವಿಲ್ಲ. ಸೋದರಮಾವನ ಹೆಸರು ಕೆಟ್ಟಿದ್ದರೆ ಆತ ಫಾಂಟನ್ನು ದೂರುವುದಿಲ್ಲ, ಮನೆಯವರನ್ನೇ ದೂರುತ್ತಾನೆ. ಅವನ ದೂರೂ ನ್ಯಾಯವಾದುದೇ. ಯಂತ್ರಕ್ಕೆ ಅವನು ಯಾರೆಂದು ತಿಳಿಯದು, ಮನೆಯವರಿಗೆ ತಿಳಿದಿದೆ.