ಒಂದೇ ಚಿತ್ರ, ಎರಡು ನುಡಿ

ಸಂಶೋಧನೆಯೆಂಬುದು ದೊಡ್ಡ ಪಟ್ಟಣಗಳ ಪ್ರಯೋಗಶಾಲೆಗಳಲ್ಲಿ ನಡೆಯುವ ಕಾರ್ಯ, ಅದಕ್ಕೂ ಹಳ್ಳಿಯ ಒಲೆಗೂ ಶಾಲೆಗೂ ಏನು ಸಂಬಂಧವೆಂದು ಕೇಳುವವರುಂಟು. ಪ್ರಶ್ನೆ ಅಸಂಗತವಾದುದಲ್ಲ. ಪ್ರಕೃತಿಯ ಹೊಸ ತತ್ತ್ವವೊಂದನ್ನು ಕಂಡುಹಿಡಿಯುವುದು ಒಂದು ಬಗೆಯ ಸಂಶೋಧನೆ. ತಿಳಿದ ತತ್ತ್ವವನ್ನು ಜನರ ನಿತ್ಯದ ತೊಂದರೆಯೊಂದಕ್ಕೆ ಅನ್ವಯಿಸಿ ನೋಡುವುದು ಇನ್ನೊಂದು ಬಗೆ. ಮೊದಲನೆಯದರ ಸತ್ಯಾಸತ್ಯವನ್ನು ವಿದ್ವಾಂಸರು ನಿರ್ಣಯಿಸುತ್ತಾರೆ. ಅನ್ವಯಿಕವೆನಿಸಿಕೊಳ್ಳುವ ಎರಡನೆಯದಕ್ಕಾದರೋ ಅದನ್ನು ಬಳಸುವ ಜನರೇ ಪರೀಕ್ಷಕರು.

ಗಡಿನಾಡ ಕನ್ನಡಿಗರಾದ ನಮಗೆ ಹತ್ತಿರವಾದ ನಿದರ್ಶನವೊಂದಿದೆ. ‘ಸೈಟ್’ ಎಂದು ಹೆಸರಾದ ಉಪಗ್ರಹ ಬೋಧನಾ ದೂರದರ್ಶನ ಪ್ರಯೋಗವು 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ನಮ್ಮ ದೇಶದಲ್ಲಿ ನಡೆಯಿತು. ಇದರ ಕನಸು ಕಂಡವರು ಡಾ. ವಿಕ್ರಮ್ ಸಾರಾಭಾಯಿ. 1971ರಲ್ಲಿ ಅವರು ಕಾಲವಾದ ಮೇಲೆ, ಪ್ರೊ. ಯಶಪಾಲ್ ನಿರ್ದೇಶಕರಾಗಿದ್ದ ಅಹಮದಾಬಾದಿನ ಬಾಹ್ಯಾಕಾಶ ಉಪಯೋಗ ಕೇಂದ್ರವು ಕಾರ್ಯದ ಹೊಣೆ ಹೊತ್ತಿತು. ಉಪಗ್ರಹ ಅಮೆರಿಕದ ಎಟಿಎಸ್-6. ಸುಮಾರು 36,000 ಕಿಲೋಮೀಟರ್ ಎತ್ತರದಿಂದ ಅದು ಕಳುಹಿಸುತ್ತಿದ್ದ ಸಂಕೇತವನ್ನು, ಕೋಳಿಗೂಡಿಗೆ ಬಳಸುವಂಥ ತಂತಿಬಲೆಯಿಂದ ರಚಿಸಿದ, ಸುಮಾರು 10 ಅಡಿ ಅಗಲದ ಛತ್ರಿಯೊಂದು ಹಳ್ಳಿಯಲ್ಲಿಯೇ ಹಿಡಿದುಕೊಳ್ಳುತ್ತಿತ್ತು. ನಡುವೆ ಬೇರೆ ಪ್ರಸಾರ ಗೋಪುರದ ಅಗತ್ಯವಿರಲಿಲ್ಲ. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಹೀಗೆ ದೂರದರ್ಶನ ಬಂದಿತು.

ಆ ಹಳ್ಳಿಗಳು ಎಲ್ಲಿದ್ದವು? ಕರ್ನಾಟಕದ ಕಡೆ ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳಲ್ಲಿ. ಆಂಧ್ರದ ಕಡೆ ಆದವಾನಿ ಇರುವ ಕರ್ನೂಲು, ನಾರಾಯಣಪೇಟೆ ಮಕ್ತಲ್‌ಗಳು ಅಂದು ಸೇರಿದ್ದ ಮಹಬೂಬನಗರ ಮೊದಲಾದ ಜಿಲ್ಲೆಗಳಲ್ಲಿ. ಎರಡು ರಾಜ್ಯಗಳ ಕಾರ್ಯಕ್ರಮಗಳೂ ಹೈದರಾಬಾದಿನಲ್ಲಿ ಸಿದ್ಧವಾಗುತ್ತಿದ್ದವು. ಉಪಗ್ರಹದಲ್ಲಿ ಚಿತ್ರಕ್ಕೆ ಒಂದೇ ವಾಹಿನಿ, ಧ್ವನಿಗೆ ಎರಡು. ಒಂದೇ ಚಿತ್ರ ಆಕಾಶದಿಂದ ಇಳಿಯುತ್ತಿದ್ದಾಗ ಒಂದು ಧ್ವನಿವಾಹಿನಿಯಲ್ಲಿ ತೆಲುಗು, ಇನ್ನೊಂದರಲ್ಲಿ ಕನ್ನಡ. ಎರಡು ನುಡಿಗಳ ಮಕ್ಕಳಿಗೆ ಎರಡು ಉಪಗ್ರಹಗಳು ಬೇಕಾಗಲಿಲ್ಲ. ಎರಡು ನುಡಿಗಳಿವೆಯೆಂಬ ಅರಿವು ಯೋಜನೆಯನ್ನು ರೂಪಿಸಿದವರಿಗೆ ಮೊದಲೇ ಇದ್ದುದೇ ಸಾಕಾಯಿತು.

ಈ ಪ್ರಯೋಗ ಶಿಕ್ಷಕನನ್ನು ಬದಿಗೆ ಸರಿಸಲಿಲ್ಲವೆಂಬುದೂ ಸ್ಮರಣೀಯ. ಬೆಳಗ್ಗೆ ಮಕ್ಕಳಿಗೆ ವಿಜ್ಞಾನದ ಪಾಠ, ಸಂಜೆ ಹಿರಿಯರಿಗೆ ಕೃಷಿ, ಆರೋಗ್ಯ, ಕುಟುಂಬಕ್ಷೇಮದ ವಿಷಯಗಳು. ಇವುಗಳೊಡನೆ ಸುಮಾರು 50,000 ಪ್ರಾಥಮಿಕ ಶಿಕ್ಷಕರಿಗೆ ವಿಜ್ಞಾನ ಬೋಧನೆಯ ತರಬೇತಿಯೂ ನಡೆಯಿತು. ತೆರೆಯ ಮೇಲಿನ ಪಾಠಕ್ಕೆ ಮುದ್ರಿತ ಪಾಠ, ಕೈಯಾರೆ ಮಾಡಿ ನೋಡುವ ಪ್ರಯೋಗ, ಪರಸ್ಪರ ಚರ್ಚೆ ಇವೆಲ್ಲ ಜೊತೆಗೂಡಿದ್ದವು. ಯಂತ್ರ ಎಷ್ಟೇ ಎತ್ತರದಲ್ಲಿರಲಿ, ಮಗುವಿನ ಸಂದೇಹಕ್ಕೆ ಉತ್ತರ ಹೇಳಬೇಕಾದವನು ಕೊಠಡಿಯಲ್ಲಿರುವ ಉಪಾಧ್ಯಾಯನೇ.

ಆದರೆ ಒಂದು ವರ್ಷ ತುಂಬಿದೊಡನೆ ಉಪಗ್ರಹ ಅದರ ಒಡೆಯರಿಗೆ ಮರಳಿತು. 1977ರಲ್ಲಿ ಗುಲ್ಬರ್ಗದಲ್ಲಿ ದೂರದರ್ಶನ ಕೇಂದ್ರ ಆರಂಭವಾಯಿತು. 1983ರಲ್ಲಿ ಇನ್ಸಾಟ್-1ಬಿ ಮೇಲೇರಿತು. ಆ ನಡುವೆ, ಪ್ರಸಾರದ ವ್ಯಾಪ್ತಿಗೆ ಬಾರದ ಊರುಗಳ ಪೆಟ್ಟಿಗೆಗಳು ಮೂಕವಾದವು. ಪ್ರಯೋಗವೆಂದ ಮೇಲೆ ಅದು ಮುಗಿಯಲೇಬೇಕು, ನಿಜ. ಮಗುವಿನ ಕಲಿಕೆಗೆ ಮಾತ್ರ ಅಂಥ ಮುಕ್ತಾಯವಿಲ್ಲ.

ಶಕ್ತಿಯ ಕ್ಷೇತ್ರದಲ್ಲಿಯೂ ಇದೇ ಪಾಠ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊ. ಅಮೂಲ್ಯ ಕೆ. ಎನ್. ರೆಡ್ಡಿಯವರ ನೇತೃತ್ವದಲ್ಲಿ, ಗ್ರಾಮಗಳಿಗಾಗಿ ವಿಜ್ಞಾನವನ್ನು ಅನ್ವಯಿಸುವ ‘ಅಸ್ತ್ರ’ ಎಂಬ ಘಟಕ ಹುಟ್ಟಿತು. ಸೌದೆ ಉಳಿಸಿ ಹೊಗೆಯನ್ನು ಹೊರಗೆ ಕಳಿಸುವ ‘ಅಸ್ತ್ರ ಒಲೆ’ ಈ ಘಟಕದ ಕೊಡುಗೆಯೆಂಬುದು ಅನೇಕರಿಗೆ ಗೊತ್ತು. ಅದಕ್ಕಿಂತ ಹೆಚ್ಚು ವಿಚಾರಾರ್ಹವಾದುದು ಕುಣಿಗಲ್ ತಾಲ್ಲೂಕಿನ ಪುರ ಗ್ರಾಮದ ಕಥೆ. ಊರಿನ ಸಗಣಿಯಿಂದ ಗೋಬರ್ ಅನಿಲ ತಯಾರಿಸಿ ಮನೆಮನೆಗೆ ಅಡಿಗೆಗೆ ಕೊಡಬೇಕೆಂಬುದು ಮೊದಲ ಯೋಜನೆ. ಸಿಕ್ಕ ಸಗಣಿ ಎಲ್ಲರ ಅಡಿಗೆಗೆ ಸಾಲದೆ ಹೋಯಿತು. ಊರವರಿಗೆ ತುರ್ತಾಗಿ ಬೇಕಾಗಿದ್ದುದು ಶುದ್ಧವಾದ ಕುಡಿಯುವ ನೀರು. ಆಗ ವಿಜ್ಞಾನಿಗಳು ತಮ್ಮ ಯೋಜನೆಯನ್ನೇ ತಿದ್ದಿಕೊಂಡರು. 1987ರಿಂದ ಆ ಅನಿಲದಲ್ಲಿ ಎಂಜಿನ್ ಓಡಿಸಿ, ಕೊಳವೆಬಾವಿಯ ನೀರೆತ್ತಿ ನಲ್ಲಿಗೆ ಹರಿಸಿದರು, ಮನೆಗಳಿಗೆ ದೀಪ ಕೊಟ್ಟರು. ಸಗಣಿ ತಂದವರಿಗೆ ಹಣವೂ ದೊರೆಯಿತು, ಬಗ್ಗಡ ಗೊಬ್ಬರವಾಗಿ ಮರಳಿತು. ಜನರು ಒಪ್ಪದ ಉತ್ತರವನ್ನು ಬಿಟ್ಟು ಪ್ರಶ್ನೆಯನ್ನೇ ಮತ್ತೆ ಕೇಳಿದುದು ಇಲ್ಲಿಯ ದೊಡ್ಡತನ.

ಪ್ರಾಣರಕ್ಷಣೆಯ ವಿಷಯದಲ್ಲಂತೂ ಈ ಮಾತು ಇನ್ನೂ ಸ್ಪಷ್ಟ. 1999ರ ಅಕ್ಟೋಬರಿನ ಚಂಡಮಾರುತಕ್ಕೆ ಒಡಿಶಾದಲ್ಲಿ ಸುಮಾರು 10,000 ಜನ ಬಲಿಯಾದರು. 2013ರ ಅಕ್ಟೋಬರಿನಲ್ಲಿ ‘ಫೈಲಿನ್’ ಅದೇ ಕರಾವಳಿಗೆ ಬಡಿದಾಗ ಸತ್ತವರ ಸಂಖ್ಯೆ ಕೆಲವು ಹತ್ತುಗಳಷ್ಟು ಮಾತ್ರ. ಉಪಗ್ರಹಗಳ ಚಿತ್ರ, ಹವಾಮಾನ ಇಲಾಖೆಯ ಮುನ್ಸೂಚನೆ, ಮುಂಚಿತವಾಗಿ ಸುಮಾರು 10 ಲಕ್ಷ ಜನರ ಸ್ಥಳಾಂತರ, ಅವರು ತಂಗಲು ಕಟ್ಟಿದ್ದ ಆಶ್ರಯಮಂದಿರಗಳು ಈ ಎಲ್ಲವೂ ಸೇರಿ ಜೀವ ಉಳಿಸಿದವು. ಆ ಆಶ್ರಯಮಂದಿರಗಳಲ್ಲಿ ಎಷ್ಟೋ ಉಳಿದ ದಿನಗಳಲ್ಲಿ ಶಾಲೆಗಳಾಗಿರುತ್ತವೆ. ಚಿತ್ರ ಆಕಾಶದಲ್ಲಿಯೇ ಉಳಿದು, ಎಚ್ಚರಿಕೆಯ ಮಾತು ಜನರ ಕಿವಿಗೆ ಅವರ ನುಡಿಯಲ್ಲಿ ಬೀಳದೆ ಹೋಗಿದ್ದರೆ ಫಲವೇನಿತ್ತು?

ಆದ್ದರಿಂದ ಹೊಸ ಸಾಧನವೊಂದು ಊರಿಗೆ ಬಂದಾಗ ನಾವು ಮೂರು ಪ್ರಶ್ನೆಗಳನ್ನು ಕೇಳತಕ್ಕದ್ದು. ಇದು ಯಾರ ತೊಂದರೆಯನ್ನು ನೀಗಿಸಲು ಬಂದಿದೆ? ಯಾವ ನುಡಿಯಲ್ಲಿ ಮಾತನಾಡುತ್ತದೆ? ತಂದವರು ಹಿಂತಿರುಗಿದ ಮೇಲೆ ಇದನ್ನು ನೋಡಿಕೊಳ್ಳುವವರು ಯಾರು?

ಎರಡನೆಯ ಪ್ರಶ್ನೆ ಗಡಿನಾಡಿನವರಾದ ನಮ್ಮ ಪಾಲಿಗೆ ವಿಶೇಷವಾಗಿ ಸೇರಿದ್ದು. ಇಂದು ಪಾಠಗಳು ಮೊಬೈಲಿನಲ್ಲಿಯೇ ದೊರೆಯುತ್ತವೆ. ಅವುಗಳಿಗೆ ದಾರಿ ತೋರುವ ಸಂಕೇತದ ಚೌಕಗಳು ಪಠ್ಯಪುಸ್ತಕಗಳಲ್ಲಿಯೇ ಅಚ್ಚಾಗಿರುತ್ತವೆ. ಓದುಗರಲ್ಲಿ ನನ್ನ ವಿನಂತಿ ಇಷ್ಟೆ: ನಿಮ್ಮ ಮಗುವಿನ ಪುಸ್ತಕದ ಅಂಥ ಒಂದು ಪಾಠವನ್ನು ಈ ತಿಂಗಳೇ ತೆರೆದು ನೋಡಿರಿ. ಮಗು ಕಲಿಯುತ್ತಿರುವ ನುಡಿಯಲ್ಲಿ ಅದು ಇಲ್ಲದಿದ್ದರೆ ಶಾಲೆಗೆ ತಿಳಿಸಿರಿ, ಶಿಕ್ಷಣ ಇಲಾಖೆಗೆ ಬರೆಯಿರಿ. ರಾಜ್ಯಭಾಷೆಯನ್ನು ನಮ್ಮ ಮಕ್ಕಳು ಚೆನ್ನಾಗಿ ಕಲಿಯಲಿ. ಅದರಲ್ಲಿ ಎರಡು ಮಾತಿಲ್ಲ. ಆದರೆ ವಿಜ್ಞಾನದ ಮೊದಲ ಬೆಳಕು ತಾಯ್ನುಡಿಯಲ್ಲಿ ಬೀಳುವುದು ಲೇಸು. 1975ರಲ್ಲಿ ಒಂದು ಉಪಗ್ರಹ ನಮಗಾಗಿ ಎರಡು ನುಡಿಗಳಲ್ಲಿ ಮಾತನಾಡಿತು. ಅಂದು ಸಾಧ್ಯವಾದುದು ಇಂದು ಅಸಾಧ್ಯವೆಂದು ಯಾರೂ ಹೇಳಲಾರರು. ಕೇಳುವವರು ಇರಬೇಕು, ಅಷ್ಟೆ.