‘ಇಲ್ಲ’ ಬೇರೆ, ‘ಇನ್ನೂ ಬಂದಿಲ್ಲ’ ಬೇರೆ

ಅಂಗೈಯಗಲದ ಕಂಪ್ಯೂಟರ್ ಬೋರ್ಡ್ ತಂದು ಅದಕ್ಕೆ ಲಿನಕ್ಸ್ ಹಾಕಿ ಆಡೋ ಮಕ್ಕಳು ಈಗ ಎಷ್ಟೋ ಮನೆಗಳಲ್ಲಿದ್ದಾರೆ. ಬೋರ್ಡ್ ಶುರುವಾಗುವಾಗ ಪರದೆ ಮೇಲೆ ಸರಸರನೆ ಸಾಲುಗಳು ಓಡ್ತವಲ್ಲ, ಅದರಲ್ಲೊಂದು ನೋಡಿದವರಿಗೆ ಎದೆ ಧಸಕ್ ಅನ್ನುತ್ತೆ: ‘ನಾಟ್ ಫೌಂಡ್, ಯೂಸಿಂಗ್ ಡಮ್ಮಿ ರೆಗ್ಯುಲೇಟರ್’. ಕೊಟ್ಟ ದುಡ್ಡಿಗೆ ಡಮ್ಮಿ ಮಾಲು ಬಂತಾ? ಇಲ್ಲ, ಗಾಬರಿ ಬೇಡ.

ರೆಗ್ಯುಲೇಟರ್ ಅಂದ್ರೆ ನಮ್ಮ ಫ್ರಿಜ್ ಪಕ್ಕದ ಸ್ಟೆಬಿಲೈಜರ್‌ನ ದೂರದ ತಮ್ಮ. ಒಂದು ಚಿಪ್‌ಗೆ 3.3 ವೋಲ್ಟ್ ಬೇಕು, ಇನ್ನೊಂದಕ್ಕೆ 1.8. ಅಳೆದು ಕೊಡೋದು, ಬೇಡದಾಗ ನಿಲ್ಲಿಸೋದು ಇದರ ಕೆಲಸ. ಲಿನಕ್ಸ್ ಕರ್ನಲ್‌ನಲ್ಲಿ ಇವುಗಳ ಉಸ್ತುವಾರಿಗೆಂದೇ ಒಂದು ವ್ಯವಸ್ಥೆ 2008ರಲ್ಲಿ ಬಂತು. ಸಾಧನದ ಡ್ರೈವರ್ ಅಲ್ಲಿಗೆ ಹೋಗಿ ‘ನನ್ನ ರೆಗ್ಯುಲೇಟರ್ ಕೊಡಿ’ ಅಂತ ಕೇಳಬೇಕು.

ತಾಪತ್ರಯ ಏನಪ್ಪಾ ಅಂದ್ರೆ, ಅದು ಎಲ್ಲ ಬೋರ್ಡಲ್ಲೂ ಇರಲ್ಲ. ಕೆಲವದರಲ್ಲಿ ಚಿಪ್‌ಗೆ ಸದಾ ಕರೆಂಟ್ ಇರುವ ಹಾಗೆ ನೇರ ಜೋಡಿಸಿರ್ತಾರೆ. ಇನ್ನು ಕೆಲವು ಸಲ ಡಿವೈಸ್ ಟ್ರೀ ಅನ್ನೋ ವಿವರಪಟ್ಟಿಯಲ್ಲಿ ಬರೆದೇ ಇರಲ್ಲ. ಅಷ್ಟಕ್ಕೇ ಡ್ರೈವರ್ ಮುನಿಸಿಕೊಂಡು ಕೂತರೆ ಸರಿಯಿರೋ ಸಾಧನವೂ ದಂಡ. ಅದಕ್ಕೇ ಕರ್ನಲ್ ಒಂದು ಕೋಲೆಬಸವನನ್ನು ಕೊಟ್ಟು ಕಳಿಸುತ್ತೆ. ಆನ್ ಆಗು ಅಂದ್ರೂ ತಲೆಯಾಡಿಸುತ್ತೆ, ಆಫ್ ಆಗು ಅಂದ್ರೂ ತಲೆಯಾಡಿಸುತ್ತೆ. ಅದೇ ಡಮ್ಮಿ.

ಆದರೆ ಕೆಲವರಿಗೆ ಬಸವ ಸಾಲದು, ನಿಜ ಗೊತ್ತಾಗಬೇಕು. ಮೆಮೊರಿ ಕಾರ್ಡನ್ನೇ ನೋಡಿ. ಸೆಕೆಂಡಿಗೆ 104 ಎಂಬಿವರೆಗಿನ ವೇಗಕ್ಕೆ ಅದರ ಸಂಕೇತದ ತಂತಿಗಳು 3.3ರಿಂದ 1.8 ವೋಲ್ಟ್‌ಗೆ ಇಳೀಬೇಕು. ಇಳಿಸೋ ಸಾಮಾನೇ ಇಲ್ಲದಿದ್ದರೆ ಹಳೇ 25 ಎಂಬಿಯಲ್ಲೇ ಸಂಸಾರ. ಇಂಥವರಿಗಾಗಿ ‘ಇದ್ದರೆ ಕೊಡಿ, ಇಲ್ಲದಿದ್ದರೆ ಇಲ್ಲ ಅನ್ನಿ’ ಅಂತ ಕೇಳೋ ಬೇರೆ ದಾರಿಯೇ ಇದೆ. ಅಲ್ಲಿ ಡಮ್ಮಿ ಕೊಡಲ್ಲ.

ಎಡವಟ್ಟಾಗೋದು ಈ ದಾರಿಯಲ್ಲೇ. ಉತ್ತರ ‘ಇಲ್ಲ’ ಅಂತಲೂ ಬರಬಹುದು, ‘ಇದೆ, ಇನ್ನೂ ಬಂದಿಲ್ಲ, ಆಮೇಲೆ ಬಾ’ ಅಂತಲೂ ಬರಬಹುದು. ಕರೆಂಟ್ ಹಂಚೋ ಚಿಪ್‌ನ ಡ್ರೈವರ್ರೇ ಒಮ್ಮೊಮ್ಮೆ ತಡವಾಗಿ ಏಳುತ್ತೆ ನೋಡಿ. ಮದುವೆ ಮನೇಲಿ ಅಡುಗೆಭಟ್ಟರು ಇನ್ನೂ ಬಸ್ಸಲ್ಲಿದ್ದಾರೆ ಅಂದ್ರೆ, ಅಡುಗೆಯವರೇ ಇಲ್ಲ ಅಂತ ಎಲೆ ಎತ್ತಿಬಿಡ್ತೀವಾ? ಅವಸರದಲ್ಲಿ ಬರೆದ ಡ್ರೈವರ್ ಹಾಗೇ ಮಾಡುತ್ತೆ. ಯಾವ ತಪ್ಪು ಸಂಖ್ಯೆ ಬಂದ್ರೂ ‘ಇಲ್ಲ’ ಅಂತ ಲೆಕ್ಕ ಹಾಕಿ ಮುಂದೆ ಹೋಗಿಬಿಡುತ್ತೆ.

ಮಜಾ ಅಂದ್ರೆ, ಆಗ ಸಾಧನ ಕೆಲಸವನ್ನೂ ಮಾಡಬಹುದು! ಬೂಟ್‌ಲೋಡರ್ ಮೊದಲೇ ಕರೆಂಟ್ ಹಾಕಿಟ್ಟಿರುತ್ತೆ. ಆದರೆ ಬೂಟ್ ಆಗಿ ಸುಮಾರು 30 ಸೆಕೆಂಡಿಗೆ ಕರ್ನಲ್ ಒಂದು ಸುತ್ತು ಬರುತ್ತೆ, ಖಾಲಿ ಕೋಣೆಯ ಲೈಟ್ ಆರಿಸೋ ನಮ್ಮಮ್ಮಂದಿರ ಹಾಗೆ. ಯಾರೂ ತಮ್ಮದು ಅನ್ನದ, ಆರಿಸಲು ಅನುಮತಿ ಇರುವ ರೆಗ್ಯುಲೇಟರ್‌ಗಳನ್ನೆಲ್ಲ ಟಕ್ಕಂತ ಆರಿಸುತ್ತೆ. ನಮ್ಮ ಡ್ರೈವರ್ ತನ್ನದನ್ನು ಕೇಳಿ ಪಡೆದೇ ಇಲ್ವಲ್ಲ, ಸಾಧನ ಸತ್ತಂತೆ. ಅರ್ಧ ನಿಮಿಷ ಚೆನ್ನಾಗಿದ್ದು ಹೋಗಿದ್ದಕ್ಕೆ ಜನ ಕೇಬಲ್ ಬದಲಿಸ್ತಾರೆ, ಅಡಾಪ್ಟರ್ ಬದಲಿಸ್ತಾರೆ, ಕೊನೆಗೆ ಬೋರ್ಡನ್ನೇ ಎಸೀತಾರೆ.

ಹಾಗಾಗಿ ಡಮ್ಮಿ ಸಾಲು ಕಂಡು ಎಲ್ಲ ನಡೀತಿದ್ದರೆ ಸುಮ್ಮನಿರಿ. ಅರ್ಧ ನಿಮಿಷಕ್ಕೆ ಸರಿಯಾಗಿ ಏನಾದ್ರೂ ಆರಿಹೋದರೆ ಮಾತ್ರ, ಬೋರ್ಡ್ ಎಸೆಯೋ ಮುಂಚೆ ಆ ಸಾಲುಗಳಲ್ಲಿ ‘ಡಿಸೇಬ್ಲಿಂಗ್’ ಅನ್ನೋ ಪದ ಹುಡುಕೋಕೆ ಮಗನಿಗೋ ಮಗಳಿಗೋ ಹೇಳಿ.